ಹತ್ತು ಎಣಿಸುವಷ್ಟರಲ್ಲಿ ತೆರೆದ ಬೀಗ

ಬೀಗದಣ್ಣನಿಗೆ ಮನುಷ್ಯರನ್ನು ಕಂಡರೆ ಮೊದಲಿನಿಂದಲೂ ಹೇಸಿಗೆ. ಬೀಗ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನಿಗೆ ಜನರ ಮೇಲೆ ಪ್ರೀತಿ ಬಾ ಅಂದರೆ ಎಲ್ಲಿಂದ ಬರಬೇಕು, ನೀವೇ ಹೇಳಿ. ಅತ್ತೆ ಬಂದು, "ಸೊಸೆ ಕೈಗೆ ಸಿಗದ ಹಾಗೆ ಟ್ರಂಕಿಗೊಂದು ಬೀಗ ಕೊಡಪ್ಪ" ಅನ್ನುತ್ತಾಳೆ. ಮಾರನೆಯ ದಿನ ಸೊಸೆ ಬಂದು, "ಅತ್ತೆ ಕೀಲಿ ಕಳಕೊಂಡಿದ್ದಾರೆ, ಇನ್ನೊಂದು ಮಾಡಿಕೊಡಿ" ಅಂತ ಸೋಪಿನ ಮೇಲೆ ಒತ್ತಿದ ಅಚ್ಚು ಮುಂದಿಡುತ್ತಾಳೆ. ಒಂದೇ ತಾಯಿಯ ಹಾಲು ಕುಡಿದ ಅಣ್ಣತಮ್ಮಂದಿರು ಒಂದೇ ಮನೆಯ ಎರಡು ಕೋಣೆಗೆ ಎರಡು ಬೀಗ ಒಯ್ಯುತ್ತಾರೆ. "ಥತ್, ಎಂಥ ಜನವಪ್ಪಾ!" ಅಂತ ಅವನು ಇಪ್ಪತ್ತೇಳು ವರ್ಷದಿಂದ ಅರ ಉಜ್ಜುತ್ತಲೇ ಬಂದಿದ್ದ. ಆ ಜನರ ಪಟ್ಟಿಯಲ್ಲಿ ತನ್ನ ಹೆಸರು ಮಾತ್ರ ಸೇರಿಸಿರಲಿಲ್ಲ.

ಅಂಗಡಿ ಅಂದರೆ ಮೂರು ಹೆಜ್ಜೆ ಅಗಲ, ಐದು ಹೆಜ್ಜೆ ಉದ್ದ. ಒಂದು ಮಗ್ಗುಲಿಗೆ ಕ್ಷೌರದಂಗಡಿ, ಇನ್ನೊಂದು ಮಗ್ಗುಲಿಗೆ ಕೊಡೆ ರಿಪೇರಿಯವನು. ಗೋಡೆ ತುಂಬ ಮೊಳೆ, ಮೊಳೆ ತುಂಬ ಹಲ್ಲು ಕೊರೆಯದ ಕೀಲಿಗಳು. ಕೈಯಲ್ಲಿ ಸದಾ ಹಿತ್ತಾಳೆ ಪುಡಿ, ಎಣ್ಣೆ ಜಿಡ್ಡು. "ಮೊದಲು ಆ ಕೈ ತೊಳೀರಿ, ತುತ್ತಿಗೆ ತುಕ್ಕು ಹಿಡಿಯುತ್ತೆ" ಅಂತ ಹೆಂಡತಿ ದಿನಾ ಊಟಕ್ಕೆ ಮುಂಚೆ ಹೇಳಬೇಕಿತ್ತು. ಅಂಗಡಿಯ ಹಿಂಭಾಗದಲ್ಲಿ ಒಂದು ಪರದೆ. ಪರದೆ ಅಂದರೆ ಹಳೇ ಬೆಡ್‌ಶೀಟು, ನಡುವೆ ಒಂದು ತೇಪೆ.

ಆ ಪರದೆ ಕಟ್ಟಿದ್ದು ಇವನಿಗೆ ಕೆಲಸ ಕಲಿಸಿದ ಸೋದರಮಾವ. ಕೀಲಿ ಕಳಕೊಂಡವರು ಬೀಗ ತಂದರೆ ಅವರೆದುರಿಗೆ ತೆಗೆಯಕೂಡದು. ಪರದೆ ಹಿಂದೆ ಒಯ್ಯಬೇಕು. ಸೈಕಲ್ ಚಕ್ರದ ಬಗ್ಗಿಸಿದ ಕಡ್ಡಿಯೊಂದನ್ನು ಒಳಗೆ ತೂರಿಸಿ ತಿರುವಿದರೆ ಹತ್ತು ಎಣಿಸುವಷ್ಟರಲ್ಲಿ ಬೀಗ ಬಾಯಿ ಬಿಡುತ್ತದೆ. ಅದನ್ನು ಪಕ್ಕಕ್ಕಿಟ್ಟು, ಅರ್ಧ ಗಂಟೆ ಸುಮ್ಮನೆ ಒಂದು ಕಬ್ಬಿಣದ ತುಂಡಿನ ಮೇಲೆ ಸುತ್ತಿಗೆ ಬಡಿಯಬೇಕು. ನಡುನಡುವೆ "ಅಬ್ಬಬ್ಬಾ" ಅನ್ನಬೇಕು. ಆಮೇಲೆ ಹಣೆ ಒರೆಸಿಕೊಳ್ಳುತ್ತ ಹೊರಗೆ ಬರಬೇಕು. "ಕಂಡವರೆದುರು ತೆಗೆದರೆ ಬೀಗಕ್ಕೂ ಮರ್ಯಾದೆ ಇಲ್ಲ, ನಿನಗೂ ಇಲ್ಲ" ಅನ್ನುತ್ತಿದ್ದ ಮಾವ. ಮಾವ ಹೋಗಿ ಎಷ್ಟೋ ವರ್ಷವಾಯಿತು, ಸುತ್ತಿಗೆ ಸದ್ದು ನಿಂತಿರಲಿಲ್ಲ. ಇದು ಗೊತ್ತಿದ್ದದ್ದು ಹೆಂಡತಿಯೊಬ್ಬಳಿಗೆ. ಮಧ್ಯಾಹ್ನ ಬುತ್ತಿ ತಂದಾಗ ಪರದೆ ಹಿಂದೆ ಕಾಲು ಚಾಚಿ ಕೂತು ಕಬ್ಬಿಣ ಬಡಿಯುವ ಗಂಡನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಅವನು ಅತಿ ಹೆಚ್ಚು ಮಾರಿದ್ದು ದಪ್ಪನೆಯ ಹಿತ್ತಾಳೆ ಬೀಗ. ದುಂಡಗಿರುತ್ತದೆ ಅಂತ ಬೀದಿಯವರು ಗುಂಡುಬೀಗ ಅಂತಲೇ ಕರೆಯೋದು. "ಕೀಲಿ ಇಲ್ಲದೆ ಇದನ್ನ ತೆಗೆಯೋಕೆ ಹುಟ್ಟಿಸಿದ ದೇವರಿಗೂ ಆಗಲ್ಲ" ಅಂತ ಅವನು ಬಾಯಿ ತುಂಬ ಹೇಳಿ ಹೇಳಿ, ಬೀದಿಯ ಮುಕ್ಕಾಲು ಮನೆಗೆ ಅದೇ ನೇತಾಡುತ್ತಿತ್ತು. ಅವನಿಗೆ ನಾಲ್ಕನೇ ಕ್ಲಾಸಿನಲ್ಲಿ ಕಿವಿ ಹಿಂಡಿ ಮಗ್ಗಿ ಕಲಿಸಿದ ಮೇಷ್ಟ್ರ ಮನೆಯ ಹಿತ್ತಲ ಬಾಗಿಲಿಗೂ ಅದೇ ಬೀಗ.

ಆ ಹಿತ್ತಲ ಬಾಗಿಲಿನಿಂದಲೇ ಕಳ್ಳತನ ಆದದ್ದು. ಮೇಷ್ಟ್ರು, ಅವರ ಹೆಂಡತಿ ಮೂರು ದಿನಕ್ಕೆ ಮಗಳ ಮನೆಗೆ ಹೋಗಿದ್ದರು. ಮಗಳು ಬಾಣಂತಿ, ಅವಳ ಒಡವೆಯೆಲ್ಲ ತವರಿನ ಅಲಮಾರಿನಲ್ಲಿತ್ತು. ವಾಪಸ್ ಬಂದು ನೋಡಿದರೆ ಅಲಮಾರಿನ ಬಾಗಿಲು ಮೀಟಿದೆ, ಒಡವೆ ಇಲ್ಲ. ಹಿತ್ತಲ ಬಾಗಿಲ ಬೀಗ ಮಾತ್ರ ಗುಂಡುಗುಂಡಗೆ, ಏನೂ ಅರಿಯದ ಮಗುವಿನ ಹಾಗೆ, ಒಡೆಯದೆ ಬಾಯಿ ತೆರೆದುಕೊಂಡು ಚಿಲಕದಲ್ಲಿ ನೇತಾಡುತ್ತಿದೆ. ಅದರ ಕೀಲಿ ಇದ್ದದ್ದು ಎರಡೇ. ಒಂದು ಮೇಷ್ಟ್ರ ಸೊಂಟದಲ್ಲಿ, ಇನ್ನೊಂದು ಕಸಮುಸುರೆಗೆ ಬರುವ ಹೆಂಗಸಿನ ಹತ್ತಿರ.

ಅವಳನ್ನು ಎಲ್ಲರೂ ಗಡಿಬಿಡಿ ಅಂತ ಕರೆಯುತ್ತಿದ್ದರು. ಐದು ಮನೆ ಕೆಲಸ, ಕಂಕುಳಲ್ಲಿ ಎರಡು ವರ್ಷದ ಮಗಳು. ಓಡುತ್ತಲೇ ಮಾತಾಡೋಳು, ಓಡುತ್ತಲೇ ಜಗಳ ಆಡೋಳು. ಬೀಗದಣ್ಣನಿಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಒಮ್ಮೆ ಅವಳು ಬಕೆಟ್ಟಿನ ಕೊಳೆನೀರನ್ನು ಅಂಗಡಿ ಮುಂದೆ ಚೆಲ್ಲಿ, ಕೇಳಿದ್ದಕ್ಕೆ "ಬೀದಿ ನಿಮ್ಮಪ್ಪಂದಾ?" ಅಂದಿದ್ದಳು.

ಇನ್‌ಸ್ಪೆಕ್ಟರ್ ಹೇಳಿಕಳಿಸಿದರು. ಬೀಗದಣ್ಣ ಹೋದ. ಮೇಷ್ಟ್ರ ಹಿತ್ತಲಲ್ಲಿ ಅರ್ಧ ಬೀದಿ ನೆರೆದಿತ್ತು. ಅಷ್ಟು ಜನ ತನ್ನ ಬಾಯನ್ನೇ ನೋಡುತ್ತಿರುವುದು ಅವನಿಗೆ ಒಳಗೊಳಗೇ ಹಿತವಾಗಿತ್ತು, ಸುಳ್ಳು ಯಾಕೆ ಹೇಳಬೇಕು. ಬೀಗವನ್ನು ಬೆಳಕಿಗೆ ಹಿಡಿದ, ತಿರುಗಿಸಿದ. ಹೊರಗೆ ಒಂದು ಗೀರೂ ಇಲ್ಲ.

"ಕೀಲಿಯಿಂದಲೇ ತೆಗೆದಿದ್ದಾರೆ ಸಾರ್" ಅಂದ.

"ಖಾತ್ರಿನಾ?"

"ಇದು ನನ್ನ ಅಂಗಡಿ ಬೀಗ ಸಾರ್. ಕೀಲಿ ಇಲ್ಲದೆ ಹುಟ್ಟಿಸಿದ ದೇವರಿಗೂ ಆಗಲ್ಲ."

ಅವನು ಬೀಗ ನೋಡಿದ್ದು ಅರ್ಧ ನಿಮಿಷ ಇರಬಹುದು. ನಿಜವಾಗಿ ನೋಡುವುದಿದ್ದರೆ ರಿವೆಟ್ ಬಿಚ್ಚಿ ಒಳಗಿನ ಹಿತ್ತಾಳೆ ಪಟ್ಟಿಗಳನ್ನು ಭೂತಗಾಜಿನಲ್ಲಿ ನೋಡಬೇಕಿತ್ತು. ಕೀಲಿ ಉಜ್ಜುವುದು ಒಂದೇ ಜಾಗ, ಅಲ್ಲಿ ಪಟ್ಟಿ ನುಣ್ಣಗೆ ಹೊಳೆಯುತ್ತಿರುತ್ತದೆ. ಕಡ್ಡಿ ಆಡಿಸಿದ್ದರೆ ಅಲ್ಲಲ್ಲಿ ಕೂದಲೆಳೆಯಂಥ ಗೀರು ಬಿದ್ದಿರುತ್ತದೆ. ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೆ ಬೀದಿಯೆದುರು ಬೀಗ ಬಿಚ್ಚಿ, ಕಡ್ಡಿಯಿಂದಲೂ ತೆಗೆಯಬಹುದು ಅಂದರೆ ನಾಳೆ ಯಾರು ಅಂಗಡಿಗೆ ಬರುತ್ತಾರೆ? ಇನ್‌ಸ್ಪೆಕ್ಟರು ಬೀಗವನ್ನು ಬಟ್ಟೆಯಲ್ಲಿ ಹೊಲಿಸಿ ಅರಗಿನ ಮುದ್ರೆ ಒತ್ತಿದರು. ಸಂಜೆಯೊಳಗೆ ಗಡಿಬಿಡಿಯನ್ನು ಜೀಪಿನಲ್ಲಿ ಕರಕೊಂಡು ಹೋದರು. ಮಗಳನ್ನು ತಂಗಿ ಬಂದು ಎತ್ತಿಕೊಂಡಳು.

ಅವಳು ಪೊಲೀಸರ ಹತ್ತಿರ ಒಂದು ಸುಳ್ಳೂ ಹೇಳಿ ಸಿಕ್ಕಿಬಿದ್ದಿದ್ದಳು. ಮೇಷ್ಟ್ರು ಊರಲ್ಲಿಲ್ಲದ ಎರಡನೆಯ ದಿನ ಮಧ್ಯಾಹ್ನಕ್ಕೆ ಮುಂಚೆಯೇ ಕೆಲಸ ಮುಗಿಸಿ ಹೊರಟೆ ಅಂದಳಂತೆ. ಸಂಜೆ ನಾಲ್ಕಕ್ಕೆ ಅವಳು ಹಿತ್ತಲಿಂದ ಹೊರಬಂದದ್ದನ್ನು ಕ್ಷೌರದವನು ಕಣ್ಣಾರೆ ಕಂಡಿದ್ದ. ಇನ್ನೇನು ಬೇಕು? ಬೀದಿಯ ನ್ಯಾಯಸ್ಥಾನದಲ್ಲಿ ಆವತ್ತೇ ತೀರ್ಪಾಯಿತು. ಕ್ಷೌರದ ಕುರ್ಚಿಯಲ್ಲಿ ಕೂತವರು ಅರ್ಧ ಗಡ್ಡ ಹೆರೆಸಿಕೊಂಡೇ ಅವಳಿಗೆ ಶಿಕ್ಷೆ ಹಾಕಿದರು. "ನಾನು ಮೊದಲೇ ಹೇಳಿರಲಿಲ್ವಾ" ಅಂತ ಹೇಳದವರೇ ಇಲ್ಲ. ಹೇಳಿದ್ದವರು ಮಾತ್ರ ಒಬ್ಬರೂ ಇರಲಿಲ್ಲ, ಥೂ.

ಎಂಟು ತಿಂಗಳು ಕಳೆಯಿತು. ಬೀಗದಣ್ಣನಿಗೆ ಸಾಕ್ಷಿ ಹೇಳಲು ಸಮನ್ಸ್ ಬಂತು. ಹೆಂಡತಿ ಅದನ್ನು ಓದಿಸಿ ಕೇಳಿಕೊಂಡು, ತಟ್ಟೆ ಮುಂದೆ ತಳ್ಳಿ, ಎದುರಿಗೇ ಕೂತಳು.

"ರೀ, ಗುಂಡುಬೀಗ ಹತ್ತು ಎಣಿಸೋದ್ರೊಳಗೆ ತೆಗೀತೀರಲ್ಲ ನೀವು."

"ಅದು ನಾನು. ಕಸುಬುದಾರ."

"ಕಸುಬು ನಿಮಗೊಬ್ಬರಿಗೇ ಗೊತ್ತಾ? ಕಳ್ಳಂಗೆ ಗೊತ್ತಿಲ್ವಾ? ಅವನಿಗೂ ಅದೇ ಕಸುಬು."

"ನೋಡು, ಅವಳೇನು ಸಾಚಾ ಅಲ್ಲ. ನಾಲ್ಕು ಗಂಟೆವರೆಗೆ ಅಲ್ಲಿ ಏನು ಕಡಿದು ಕಟ್ಟೆ ಹಾಕ್ತಿದ್ಲು?"

"ಅದು ಅವಳು ಹೇಳಬೇಕಾದ್ದು. ಬೀಗದ ವಿಷಯ ನೀವು ಹೇಳಬೇಕಾದ್ದು. ಅವಳ ಮಗು ತಂಗೀನೇ ಅಮ್ಮ ಅಂತ ಕರೀತಿದೆಯಂತೆ ಈಗ."

ಅವನು ತುತ್ತು ಕೆಳಗಿಟ್ಟ. ತನ್ನ ಮೇಲೆ ತನಗೇ ಅಸಹ್ಯ ಆದದ್ದು ಅದೇ ಮೊದಲು, ಅದೂ ಊಟದ ಹೊತ್ತಿಗೆ. "ಆಯ್ತು ಮಾರಾಯ್ತಿ. ಕೇಳಿದ್ರೆ ಹೇಳ್ತೀನಿ" ಅಂದ.

ಈ "ಕೇಳಿದ್ರೆ ಹೇಳ್ತೀನಿ" ಅನ್ನೋದು ಹೇಡಿಗಳು ಕಂಡುಹಿಡಿದ ಮಾತು. ಅವಳಿಗೂ ಒಬ್ಬ ವಕೀಲ ಇರುತ್ತಾನಲ್ಲ, ಅವನು ಕೇಳೇ ಕೇಳುತ್ತಾನೆ, ಆಗ ಹೇಳಿದರಾಯಿತು, ತಪ್ಪು ನನ್ನ ತಲೆ ಮೇಲೂ ಬರುವುದಿಲ್ಲ ಅಂತ ಬೀಗದಣ್ಣ ಲೆಕ್ಕ ಹಾಕಿದ.

ಕೋರ್ಟಿನ ವರಾಂಡದಲ್ಲಿ ಬೆಳಗ್ಗೆ ಹತ್ತಕ್ಕೆ ಹೋಗಿ ಕೂತವನನ್ನು ಕರೆದಾಗ ಮೂರು ಹೊಡೆದಿತ್ತು. ಗೋಡೆಯ ಮೂಲೆಯಲ್ಲಿ ಉಗಿದ ಕಲೆ, ಕಿಟಕಿಯಲ್ಲಿ ಪಾರಿವಾಳದ ಹಿಕ್ಕೆ, ಬೆಂಚಿಗೆ ಯಾರದೋ ತಲೆಯ ಎಣ್ಣೆ. ಒಳಗೆ ಗಡಿಬಿಡಿ ಕಟಕಟೆಯಲ್ಲಿ ನಿಂತಿದ್ದಳು. ಕೈ ಕಟ್ಟಿಕೊಂಡು, ಅಲುಗಾಡದೆ. ಅವಳು ನಿಂತಲ್ಲೇ ನಿಂತದ್ದನ್ನು ಬೀಗದಣ್ಣ ಯಾವತ್ತೂ ನೋಡಿರಲಿಲ್ಲ. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು.

ಸರ್ಕಾರಿ ವಕೀಲರು ಅರಗಿನ ಮುದ್ರೆ ಒಡೆಸಿ ಬೀಗ ತೋರಿಸಿದರು.

"ಹೊರಗೆ ಗೀರು ಇರಲಿಲ್ಲ, ಸರಿ ತಾನೆ?"

"ಸರಿ."

"ಒಡೆದಿರಲಿಲ್ಲ?"

"ಇರಲಿಲ್ಲ."

"ಕೀಲಿಯಿಂದ ತೆಗೆದದ್ದು ಅಂತ ಪೊಲೀಸರಿಗೆ ನೀವು ಹೇಳಿದ್ದು ನಿಜ ತಾನೆ?"

"ಹೇಳಿದ್ದು ನಿಜ."

ಒಂದೊಂದೂ ಸತ್ಯ. ಮೂರನ್ನೂ ಸೇರಿಸಿದರೆ ಹಸೀ ಸುಳ್ಳು. ಬೀಗದಣ್ಣ ಅವಳ ವಕೀಲನ ಕಡೆ ತಿರುಗಿ, ಕೇಳು ಮಾರಾಯ, ಕೇಳು ಅಂತ ಕಾದು ನಿಂತ. ಅವಳಿಗೆ ಕೋರ್ಟೇ ಕೊಟ್ಟಿದ್ದ ವಕೀಲ ಆತ, ಇನ್ನೂ ಎಳೇ ಮೀಸೆ. ಕಂಕುಳಲ್ಲಿ ನಾಲ್ಕು ಫೈಲು, ಕೈಯಲ್ಲಿ ಬೇರೆ ಯಾವುದೋ ಕೇಸಿನದು. ಹಾಳೆ ಹಿಂದೆ ಮುಂದೆ ತಿರುಗಿಸಿದ, ಗಡಿಯಾರ ನೋಡಿದ, ಅರ್ಧ ಎದ್ದು, "ಪ್ರಶ್ನೆ ಇಲ್ಲ ಸ್ವಾಮಿ" ಅಂದು ಕೂತುಬಿಟ್ಟ.

ಪ್ರಶ್ನೆ ಇಲ್ಲವಂತೆ! ಒಬ್ಬ ಹೆಂಗಸು ಎಂಟು ತಿಂಗಳಿಂದ ಒಳಗೆ ಕೂತಿದ್ದಾಳೆ, ಇವನಿಗೆ ಒಂದು ಪ್ರಶ್ನೆ ಇಲ್ಲ. ನ್ಯಾಯಾಧೀಶರು ನೆಗಡಿಯಿಂದ ಮೂಗು ಒರೆಸಿಕೊಳ್ಳುತ್ತ, "ನೀವು ಹೋಗಬಹುದು" ಅಂದರು. ಅವನು ಒಂದು ಮೆಟ್ಟಿಲು ಇಳಿದ. ಮೇಷ್ಟ್ರು ಮುಂದಿನ ಬೆಂಚಿನಿಂದ, ಮಗ್ಗಿ ಸರಿಯಾಗಿ ಒಪ್ಪಿಸಿದ ಹುಡುಗನಿಗೆ ಮಾಡುವ ಹಾಗೆ, ತಲೆ ಆಡಿಸಿದರು. ಆ ಶಭಾಷ್‌ಗಿರಿ ಅವನಿಗೆ ಸಹಿಸಲಾಗಲಿಲ್ಲ. ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದ.

"ಸ್ವಾಮಿ, ಒಂದು ಮಾತು. ನನ್ನನ್ನ ಯಾರೂ ಕೇಳಲಿಲ್ಲ. ಆದ್ರೂ ಹೇಳ್ತೀನಿ."

ಸರ್ಕಾರಿ ವಕೀಲರು ಎದ್ದು ನಿಂತರು. ನ್ಯಾಯಾಧೀಶರು ಕೈ ಎತ್ತಿ ಅವರನ್ನು ಕೂರಿಸಿ, "ಹೇಳಿ" ಅಂದರು.

"ಈ ಬೀಗ ಕೀಲಿ ಇಲ್ಲದೆಯೂ ತೆಗೆಯೋಕೆ ಬರುತ್ತೆ ಸ್ವಾಮಿ. ಹೊರಗೆ ಗೀರು ಬೀಳಲ್ಲ. ಹತ್ತು ಎಣಿಸೋದ್ರೊಳಗೆ."

"ಮತ್ತೆ ಪೊಲೀಸರಿಗೆ ಯಾಕೆ ಹಾಗೆ ಹೇಳಿದ್ರಿ?"

"ನನ್ನ ಅಂಗಡಿ ಬೀಗ ಸ್ವಾಮಿ. ಮರ್ಯಾದೆ ಹೋಗುತ್ತೆ ಅಂತ ಹೇಳಿದೆ."

ಕೋರ್ಟು ಗುಸುಗುಸು ಅಂತು. "ತೋರಿಸಿ ನೋಡೋಣ" ಅಂದರು ನ್ಯಾಯಾಧೀಶರು. ಬೇರೆಯವರು ಜೇಬಿಗೆ ಪೆನ್ನು ಸಿಕ್ಕಿಸುವ ಹಾಗೆ ಇವನು ಬಗ್ಗಿಸಿದ ಕಡ್ಡಿ ಸಿಕ್ಕಿಸಿಕೊಂಡಿರುತ್ತಿದ್ದ. ಬೀಗ ಒತ್ತಿ ಹಾಕಿ, ಕಡ್ಡಿ ತೂರಿಸಿದ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಪರದೆ ಇಲ್ಲ, ಸುತ್ತಿಗೆ ಇಲ್ಲ. ಬೆಂಚ್ ಕ್ಲರ್ಕ್ ತನಗೇ ತಿಳಿಯದೆ ಬಾಯಿಬಿಟ್ಟು ಎಣಿಸತೊಡಗಿದರು. ಏಳಕ್ಕೆ ಬೀಗ ಟಕ್ ಅಂತು. "ಅಯ್ಯೋ, ನಮ್ಮ ರೆಕಾರ್ಡ್ ರೂಮಿಗೂ ಇದೇ ಬೀಗವಲ್ರೀ!" ಅಂದರು ಕ್ಲರ್ಕು. ಇಡೀ ಕೋರ್ಟು ನಕ್ಕಿತು. ಬೀಗದಣ್ಣನಿಗೂ ಎದೆ ಹಗುರವಾಗಿ, ಒಂದು ಕ್ಷಣ ಹೆಮ್ಮೆಯೇ ಆಯಿತು.

ನ್ಯಾಯಾಧೀಶರು ಮಾತ್ರ ನಗಲಿಲ್ಲ. "ಅಂದರೆ ಈಕೆ ಕಳ್ಳತನ ಮಾಡಿಲ್ಲ ಅಂತ ಹೇಳ್ತಿದ್ದೀರಾ?"

"ಅದು ನನಗೆ ಗೊತ್ತಿಲ್ಲ ಸ್ವಾಮಿ. ಅವಳೇ ಕೀಲಿ ಹಾಕಿ ತೆಗೆದಿರಬಹುದು, ಇನ್ಯಾರೋ ಕಡ್ಡಿ ಹಾಕಿರಬಹುದು. ನಾನು ಅವಳ ಕಡೆಯವನೂ ಅಲ್ಲ, ಮೇಷ್ಟ್ರ ಕಡೆಯವನೂ ಅಲ್ಲ."

"ಸರಿ. ಕೀಲಿಯಿಂದ ತೆಗೆದರೋ ಕಡ್ಡಿಯಿಂದ ತೆಗೆದರೋ ಅಂತ ಬೀಗದ ಒಳಗೆ ನೋಡಿ ಹೇಳೋಕೆ ಬರುತ್ತಾ?"

"ಬರುತ್ತೆ ಸ್ವಾಮಿ. ಬಿಚ್ಚಿ ನೋಡಿದ್ರೆ ಕಡ್ಡಿ ಆಡಿಸಿದ ಗೀರು..." ಅಂತ ಶುರುಮಾಡಿದವನ ನಾಲಿಗೆ ಅಲ್ಲೇ ನಿಂತಿತು. ಕಡ್ಡಿ ಇನ್ನೂ ಬೀಗದ ಬಾಯೊಳಗೇ ಇತ್ತು.

"ಏನಾಯ್ತು?"

"ಈಗ ಬರಲ್ಲ ಸ್ವಾಮಿ" ಅಂದ ಬೀಗದಣ್ಣ. "ಈಗ ಒಳಗೆ ನನ್ನ ಕಡ್ಡಿಯದೇ ಗೀರು ಬಿದ್ದಿದೆ. ಹಳೇದು ಯಾವುದು, ಹೊಸದು ಯಾವುದು, ಹಳೇದು ಇತ್ತೋ ಇಲ್ವೋ... ಇನ್ನು ಯಾರು ನೋಡಿದ್ರೂ ಗೊತ್ತಾಗಲ್ಲ. ಐದು ನಿಮಿಷದ ಹಿಂದೆ ಕೇಳಿದ್ರೆ ಬರ್ತಿತ್ತು."

ಟೈಪಿಸ್ಟ್ ಅದನ್ನೂ ಟೈಪ್ ಮಾಡಿದಳು. ಕಟಕಟೆಯಲ್ಲಿದ್ದ ಗಡಿಬಿಡಿ ಮೊದಲ ಸಲ ತಲೆ ಎತ್ತಿ ಅವನ ಕೈಯನ್ನು ನೋಡಿದಳು.

ಇಂಥ ದಡ್ಡನನ್ನು ಎಲ್ಲಾದರೂ ಕಂಡಿದ್ದೀರಾ? ಮೊದಲು ನೋಡಬೇಕಾದಾಗ ನೋಡಲಿಲ್ಲ, ಆಮೇಲೆ ನೋಡುವುದಕ್ಕೇ ಏನೂ ಉಳಿಯದ ಹಾಗೆ ಮಾಡಿದ. ಅಲ್ಲೇ ಇನ್ನೊಂದು ಗುಂಡುಬೀಗ ತರಿಸಿ ತೋರಿಸಿದ್ದರೂ ಆಗುತ್ತಿತ್ತು, ರೆಕಾರ್ಡ್ ರೂಮಿನದೇ ಇತ್ತಲ್ಲ. ಇವನಿಗೆ ಬೀಗ ಕಂಡರೆ ಕೈ ಸುಮ್ಮನಿರುವುದಿಲ್ಲ. ಕೋರ್ಟಿನಿಂದ ಇಳಿಯುವಾಗ ಅವನು ಅದೇ ಉಗಿದ ಕಲೆಯ ಮೂಲೆಗೆ ಹೋಗಿ ವಾಂತಿ ಮಾಡಿಕೊಂಡ.

ಮಾರನೆಯ ದಿನದಿಂದ ಬೀದಿಯವರು ಬೀಗ ತಂದು ಅಂಗಡಿ ಮುಂದೆ ಎಸೆದು ಹೋಗತೊಡಗಿದರು. ಸಾಲದ್ದಕ್ಕೆ, ಎರಡು ಬೀದಿ ಆಚೆಯವರು ಯಾರೋ ಬಂದು "ನೀವು ಸತ್ಯವಂತರು ಬಿಡಿ" ಅಂತ ಕೈ ಕುಲುಕಿದರು. ಅವನಿಗೆ ಆ ಕೈಯನ್ನೂ ತೊಳೆದುಕೊಳ್ಳಬೇಕು ಅನ್ನಿಸಿತು.

ಮೇಷ್ಟ್ರೂ ಬಂದರು, ಆದರೆ ಸಿಟ್ಟಿನಿಂದಲ್ಲ, ಅದೇ ಕಷ್ಟವಾದದ್ದು. ಕೋಲೂರಿಕೊಂಡು ಬಂದು ಸ್ಟೂಲಿನ ಮೇಲೆ ಕೂತರು. "ಆವತ್ತೇ ಬಿಚ್ಚಿ ನೋಡಿದ್ದರೆ ಏನಾಗ್ತಿತ್ತೋ? ಅವಳು ಅಲ್ಲ ಅಂತಾಗಿದ್ದರೆ ನಿಜವಾದ ಕಳ್ಳನನ್ನ ಹುಡುಕ್ತಿದ್ದರು. ಅವಳೇ ಅಂತಾಗಿದ್ದರೆ ಅದೂ ಆಗ್ತಿತ್ತು. ನನ್ನ ಮಗಳಿಗೆ ನಾನು ಏನು ಉತ್ತರ ಕೊಡಲಿ?" ಅಂದರು. ಕಣ್ಣು ಒದ್ದೆಯಾಗಿತ್ತು. ಬೀಗದಣ್ಣ ಅರ ಕೆಳಗಿಟ್ಟು, ನಾಲ್ಕನೇ ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೆಯೇ ನಿಂತ.

ಎರಡು ವಾರಕ್ಕೆ ತೀರ್ಪು ಬಂತು. ಅವಳು ಮಾಡಿಲ್ಲ ಅಂತ ನ್ಯಾಯಾಧೀಶರು ಹೇಳಲಿಲ್ಲ. ಮಾಡಿದ್ದಾಳೆ ಅನ್ನುವುದು ಸಂಶಯಕ್ಕೆ ಎಡೆಯಿಲ್ಲದ ಹಾಗೆ ರುಜುವಾತಾಗಿಲ್ಲ, ಆ ಸಂಶಯದ ಲಾಭ ಆರೋಪಿಗೇ ಸಲ್ಲಬೇಕು, ಬಿಡುಗಡೆ ಮಾಡಿ ಅಂದರು. ಕಾನೂನು ಅಷ್ಟಕ್ಕೇ ನಿಂತಿತು, ನಿಲ್ಲಬೇಕಾದದ್ದೂ ಅಲ್ಲೇ. ಬೀದಿ ನಿಲ್ಲುತ್ತದೆಯೇ? "ಬಿಟ್ಟರು ಅಂದ ಮಾತ್ರಕ್ಕೆ ಕದ್ದಿಲ್ಲ ಅಂತೇನಲ್ಲ" ಅಂದಿತು. ಐದು ಮನೆಯಲ್ಲಿ ಒಂದು ಮನೆಯೂ ಅವಳನ್ನು ಕೆಲಸಕ್ಕೆ ಸೇರಿಸಲಿಲ್ಲ.

ಒಂದು ಮಧ್ಯಾಹ್ನ ಅವಳು ಅಂಗಡಿ ಮುಂದೆ ಬಂದು ನಿಂತಳು. ಕಂಕುಳಲ್ಲಿ ಮಗು ಇರಲಿಲ್ಲ.

"ಅಣ್ಣ, ಅದರೊಳಗೆ ಗೀರು ಇತ್ತಾ, ಇರಲಿಲ್ವಾ?"

"ಗೊತ್ತಿಲ್ಲ ತಾಯಿ."

"ಇತ್ತು. ನಾನು ತೆಗೆದಿಲ್ಲ ಅಂದ್ಮೇಲೆ ಇರಲೇಬೇಕಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ನಾಲ್ಕು ಗಂಟೆ ತನಕ ನಾನು ಮಲಗಿದ್ದೆ ಅಣ್ಣ. ಮೇಷ್ಟ್ರ ಮಂಚದ ಮೇಲೆ, ಅವರ ಫ್ಯಾನ್ ಕೆಳಗೆ. ಅವರ ಮಂಚದಲ್ಲಿ ಮಲಗಿದ್ದೆ ಅಂತ ಹೇಗೆ ಹೇಳಲಿ? ಅದಕ್ಕೇ ಸುಳ್ಳು ಹೇಳಿದೆ" ಅಂದಳು.

ನಿಜವಿರಬಹುದು. ಕಟ್ಟಿದ ಕತೆಯೂ ಇರಬಹುದು. ಬೀಗದಣ್ಣ ಅವಳ ಮುಖವನ್ನೇ ನೋಡಿದ, ಏನೂ ತಿಳಿಯಲಿಲ್ಲ. ತಿಳಿಯುವ ಒಂದೇ ದಾರಿಯನ್ನು ಅವನೇ ಕೈಯಾರೆ ಕೆಡಿಸಿದ್ದ. "ನಾಳೆಯಿಂದ ನಮ್ಮನೆಗೆ ಕೆಲಸಕ್ಕೆ ಬಾರಮ್ಮ" ಅಂದ. ಹೆಂಡತಿಗೆ ಹೇಳಿದಾಗ ಅವಳು, "ಈಗಲಾದರೂ ಬುದ್ಧಿ ಬಂತಲ್ಲ" ಅಂತ ಎರಡು ತುತ್ತು ಹೆಚ್ಚಿಗೇ ಬಡಿಸಿದಳು.

ಆದರೆ ಆ ಸಂಜೆ ಅಂಗಡಿ ಮುಚ್ಚುವಾಗ ಅವನ ಕೈ ತಾನಾಗಿಯೇ ಗೋಡೆಗೆ ಹೋಯಿತು. ಹೊಸ ಮಾದರಿಯ ಒಂದು ಬೀಗ ಇಳಿಸಿ ಜೇಬಿಗೆ ಹಾಕಿಕೊಂಡ. ಹಾಕಿಕೊಳ್ಳುವಾಗಲೇ ಅವನಿಗೆ ನಾಚಿಕೆ ಆಗುತ್ತಿತ್ತು. ಆದರೂ ವಾಪಸ್ ತೂಗುಹಾಕಲಿಲ್ಲ. ಇಷ್ಟು ವರ್ಷ ಅವನ ಮನೆಯ ಅಲಮಾರಿಗೆ ಬೀಗವೇ ಇರಲಿಲ್ಲ. ಹೆಂಡತಿ ನೀರು ಹಿಡಿಯಲು ಹೋದಾಗ ಕಳ್ಳನ ಹಾಗೆ ಅದನ್ನು ಸಿಕ್ಕಿಸಿದ.

ಬೆಳಗ್ಗೆ ಗಡಿಬಿಡಿ ಬಂದಳು. ನಿಧಾನವಾಗಿ ಗುಡಿಸಿದಳು, ನಿಧಾನವಾಗಿ ನೆಲ ಒರೆಸುತ್ತ ಒಳಕೋಣೆಗೆ ಬಂದಳು. ಅಲಮಾರಿನ ಮುಂದೆ ಅವಳ ಕೈ ನಿಂತಿತು. ಬೀಗ ಹೊಸದು, ಅಂಟಿಸಿದ ಚೀಟಿ ಕೂಡ ಇನ್ನೂ ಕಿತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬೀಗ ನೋಡಿದಳು, ಗಂಡನನ್ನು ನೋಡಿದಳು. ಸರ್ರನೆ ತಿರುಗಿ ಅಡುಗೆಮನೆಗೆ ಹೋದಳು. ಬೀಗದಣ್ಣ ಅಂಗಿಯ ಗುಂಡಿಯನ್ನು ತಪ್ಪು ಕಾಜಾಕ್ಕೆ ಹಾಕುತ್ತ ನಿಂತ.

ಗಡಿಬಿಡಿ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ.

"ಇದನ್ನ ಎಷ್ಟು ಎಣಿಸೋದ್ರೊಳಗೆ ತೆಗೀಬಹುದು, ಅಣ್ಣ?" ಅಂತ ಕೇಳಿದಳು.